1996ರ ಮಾರುತಿ 800 ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆಯ್ತು, ದಾರಿ ಹೇಳಿ

ತೊಗರಿ ಹೊಲ · ಕಲಬುರಗಿ · ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಾಜಿ 1996ರಲ್ಲಿ ತಗೊಂಡ ಮಾರುತಿ 800 ಇನ್ನೂ ಮನೆಯಲ್ಲಿದೆ. ಕಾರ್ಬೋರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿ, ಕೆಎ-32 ನಂಬರ್. ಆರ್‌ಸಿಯಲ್ಲಿ ಇನ್ನೂ ‘ಗುಲ್ಬರ್ಗಾ’ ಅಂತಲೇ ಇದೆ. 2011, 2016, 2021ರಲ್ಲಿ ನೋಂದಣಿ ನವೀಕರಣ ಮಾಡಿಸಿದ್ದೇವೆ. ಈ ವರ್ಷ ಮತ್ತೆ ಮಾಡಿಸಬೇಕು. ಅದಕ್ಕೆ ಮೊದಲು ಎಮಿಷನ್ ಸರ್ಟಿಫಿಕೇಟ್ ಬೇಕು.

ಇವತ್ತು ಶಾಲೆ ಬಿಟ್ಟ ಮೇಲೆ ಮನೆಯಿಂದ ಗಾಡಿ ತೆಗೆದು ಹತ್ತಿರದ ಒಂದು ಸೆಂಟರ್‌ಗೆ ಹೋದೆ. ಹೊಗೆಯಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) 4.6 ಬಂತು, ಎಚ್‌ಸಿ (ಹೈಡ್ರೋಕಾರ್ಬನ್) 1180. ಫೇಲ್. ಎಷ್ಟಿರಬೇಕಿತ್ತು ಅಂತ ಕೇಳಿದೆ. ‘ಹಳೆ ಗಾಡಿ ಮೇಡಂ, ಇದು ಪಾಸಾಗೋದಿಲ್ಲ, ಗುಜರಿಗೆ ಹಾಕಿ’ ಅಂದರು. ಹೊರಗೆ ಬಂದಾಗ ಅಲ್ಲೇ ನಿಂತಿದ್ದ ಒಬ್ಬರು ‘ಸ್ವಲ್ಪ ಜಾಸ್ತಿ ಕೊಡಿ, ಗಾಡಿ ತರೋದೇ ಬೇಡ, ನಂಬರ್ ಪ್ಲೇಟಿನ ಫೋಟೋ ಕಳಿಸಿದರೆ ಸಾಕು’ ಅಂದರು. ನನಗೆ ಅದು ಬೇಡ. ಗಾಡಿ ಹೊಗೆ ಬಿಡುತ್ತಿದ್ದರೆ ರಿಪೇರಿ ಮಾಡಿಸೋಣ, ಪಾಸಾಗಲಿ.

ನನ್ನ ಪ್ರಶ್ನೆ ಎರಡು. ಇಷ್ಟು ಹಳೆ ಗಾಡಿಗೆ ಮಿತಿ ಎಷ್ಟು? 4.6 ಇದ್ದದ್ದನ್ನು ಕೆಳಗೆ ಇಳಿಸಲು ಏನು ಮಾಡಿಸಬೇಕು? ಕಾರ್ಬೋರೇಟರ್ ಗೊತ್ತಿರುವ ಮಿಸ್ತ್ರಿಗಳು ಈಗ ಸಿಗುವುದೇ ಕಷ್ಟ ಆಗಿದೆ.

ಹೊಸ ಗಾಡಿ · ಕಲಬುರಗಿ · 9:18

ಮಾರಿಬಿಡಿ ಅಕ್ಕಾರೆ. 15 ವರ್ಷ ಆದ ಪೆಟ್ರೋಲ್ ಗಾಡಿ ಬಂದ್ ಅಂತ ಸರಕಾರನೇ ಹೇಳಿದೆಯಲ್ಲ.

ಸೇಡಂ ಸವಾರ · ಸೇಡಂ · 9:25

ತಪ್ಪು ರೀ. ಅದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಮಾತ್ರ. ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಅನ್ನೋ ಮಾತು ಅಲ್ಲಿಯದು. ನಮ್ಮಲ್ಲಿ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಣ ಮಾಡಿಸಬಹುದು. ಓದದೆ ಹೇಳಬೇಡಿ, ಜನ ಹೆದರಿ ಒಳ್ಳೆ ಗಾಡಿಗಳನ್ನು ಅಗ್ಗಕ್ಕೆ ಮಾರುತ್ತಿದ್ದಾರೆ.

ಹೊಸ ಗಾಡಿ · 9:31

ನಮ್ಮ ಆಫೀಸಿನ ಜೀಪ್ 15 ವರ್ಷ ಆಯ್ತು ಅಂತಲೇ ನಿಲ್ಲಿಸಿದರು. ನಾನು ಕಣ್ಣಾರೆ ನೋಡಿದ್ದೇನೆ.

ಸೇಡಂ ಸವಾರ · 9:36

ಅದು ಸರಕಾರಿ ಗಾಡಿ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ರದ್ದು. ಸ್ವಂತ ಗಾಡಿಗೆ ಆ ನಿಯಮ ಇಲ್ಲ.

ಹೊಸ ಗಾಡಿ · 9:40

ಸರಿ, ಇದು ಗೊತ್ತಿರಲಿಲ್ಲ. ಆದರೆ ಫೀಸು ನೋಡಿದ್ದೀರಾ? 20 ವರ್ಷ ದಾಟಿದ ಕಾರಿಗೆ ನವೀಕರಣಕ್ಕೇ 10,000 ರೂಪಾಯಿ.

ಬಿದರಿ · ಬೀದರ್ · 9:44

10,000 ಅಲ್ಲ, 5,000. ನಾನೇ ಕಟ್ಟಿದ್ದೇನೆ.

ಸೇಡಂ ಸವಾರ · 9:49

ಇಬ್ಬರೂ ಸರಿ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿಗೆ 5,000. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಟೀಚರ್ ಗಾಡಿಗೆ 30 ವರ್ಷ, ಅದಕ್ಕೆ 10,000 ಬೀಳುತ್ತದೆ. ಹಸಿರು ತೆರಿಗೆ ಬೇರೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು, ಫಾರ್ಮ್ 25.

ಹಳೆ ಗ್ಯಾರೇಜ್ · ಕಲಬುರಗಿ · 10:05

ತಂಗೀ, ಗಾಡಿ ಗುಜರಿಗೆ ಹಾಕಬೇಡ. 4.6 ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಗಾಳಿ ಕಡಿಮೆ ಸಿಗುತ್ತಿದೆ ಅಂತ ಅಷ್ಟೇ. ಎಂಜಿನ್ ಸತ್ತಿಲ್ಲ.

ಮೊದಲು ಮಿತಿ ಹೇಳುತ್ತೇನೆ. ಬಿಎಸ್-2 (ಭಾರತ್ ಸ್ಟೇಜ್ ಅನ್ನೋ ಹೊಗೆ ನಿಯಮದ ಎರಡನೇ ಹಂತ) ಬರುವ ಮೊದಲು ತಯಾರಾದ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ, ನಿಂತಲ್ಲಿ ಎಂಜಿನ್ ಓಡುವಾಗ, ಸಿಒ ಶೇಕಡಾ 3ರ ಒಳಗಿರಬೇಕು. ಎಚ್‌ಸಿ 1500 ಪಿಪಿಎಂ ಒಳಗೆ. ನಿನ್ನ ಎಚ್‌ಸಿ 1180, ಅದು ಆಗಲೇ ಪಾಸ್. ಸಿಒ ಒಂದೇ ಕೆಳಗೆ ಬರಬೇಕು.

ಸಿಒ ಅಂದರೆ ಅರ್ಧ ಸುಟ್ಟ ಪೆಟ್ರೋಲ್. ಎಚ್‌ಸಿ ಅಂದರೆ ಸುಡದೇ ಹೊರಗೆ ಬಂದ ಪೆಟ್ರೋಲ್. ಇವೆರಡನ್ನು ಬೇರೆ ಬೇರೆಯಾಗಿ ಓದಿದರೆ ರೋಗ ಎಲ್ಲಿದೆ ಅಂತ ಗೊತ್ತಾಗುತ್ತದೆ. ಎಚ್‌ಸಿ ಮೂರು ಸಾವಿರ ಇದ್ದಿದ್ದರೆ ನಾನು ಪ್ಲಗ್ ಮಿಸ್ಸಿಂಗ್, ವಾಲ್ವ್ ಅಂತ ಹೇಳುತ್ತಿದ್ದೆ. ನಿನ್ನದು ಹಾಗಿಲ್ಲ.

ನಾಲ್ಕು ವಿಷಯ ಹೇಳು. ಮನೆಯಿಂದ ಸೆಂಟರ್ ಎಷ್ಟು ದೂರ? ಏರ್ ಫಿಲ್ಟರ್ ಕೊನೆಗೆ ಯಾವಾಗ ಬದಲಾಯಿಸಿದ್ದು? ಪ್ಲಗ್ ಬಿಚ್ಚಿದರೆ ಬಣ್ಣ ಏನಿದೆ? ಚೋಕ್ ಗುಂಡಿ, ಅಂದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲಿ ಅಂತ ಕಾರ್ಬೋರೇಟರ್ ಗಾಳಿ ತಡೆಯಲು ಎಳೆಯುವ ಗುಂಡಿ, ಪೂರ್ತಿ ಒಳಗೆ ಹೋಗುತ್ತದೆಯೇ?

ತೊಗರಿ ಹೊಲ · 10:22

ಕಾಕಾ, ಭಾಳ ಧನ್ಯವಾದ. ಸೆಂಟರ್ ಮನೆಯಿಂದ ಒಂದೂವರೆ ಕಿಲೋಮೀಟರ್ ಇರಬಹುದು. ಫಿಲ್ಟರ್ ಯಾವಾಗ ಬದಲಾಯಿಸಿದ್ದು ಅಂತ ಅಪ್ಪಾಜಿಗೂ ನೆನಪಿಲ್ಲ. ಚೋಕ್ ಗುಂಡಿ ಒಳಗೆ ಹೋಗುತ್ತದೆ. ಪ್ಲಗ್ ನಾಳೆ ಬಿಚ್ಚಿಸಿ ನೋಡುತ್ತೇನೆ.

ಹಳೆ ಗ್ಯಾರೇಜ್ · 10:30

ಒಂದೂವರೆ ಕಿಲೋಮೀಟರ್‌ನಲ್ಲಿ ಎಂಜಿನ್ ಬಿಸಿನೇ ಆಗಿರಲ್ಲ. ತಣ್ಣಗಿನ ಎಂಜಿನ್ ಇಟ್ಟು ಟೆಸ್ಟ್ ಮಾಡಿದರೆ ಹೊಸ ಗಾಡಿಯೂ ಜಾಸ್ತಿ ತೋರಿಸುತ್ತದೆ. ಇಪ್ಪತ್ತು ನಿಮಿಷ ಓಡಿಸಿ ಹೋಗಬೇಕು. ಹೋದ ಮೇಲೆ ಸಾಲಿನಲ್ಲಿ ಅರ್ಧ ಗಂಟೆ ಬಂದ್ ಮಾಡಿ ನಿಲ್ಲಿಸಬೇಡ. ಲೈಟ್, ಎಸಿ ಎಲ್ಲ ಬಂದ್ ಇರಲಿ.

ಚೋಕ್ ಗುಂಡಿ ಒಳಗೆ ಹೋದರೆ ಸಾಲದು ತಂಗೀ. ವೈರ್ ಜಂಗು ಹಿಡಿದಿದ್ದರೆ ಗುಂಡಿ ಒಳಗೆ ಹೋಗುತ್ತದೆ, ಫ್ಲ್ಯಾಪ್ ಮಾತ್ರ ಪೂರ್ತಿ ತೆರೆಯುವುದಿಲ್ಲ. ಏರ್ ಫಿಲ್ಟರ್ ಮುಚ್ಚಳ ತೆಗೆಸಿ, ಟಾರ್ಚ್ ಹಾಕಿ ಕಣ್ಣಿನಿಂದ ನೋಡು.

ಶಹಾಬಾದ್ ಫರಸಿ · ಶಹಾಬಾದ್ · 10:41

ಫಿಲ್ಟರ್ ಬಗ್ಗೆ ಕಾಕಾ ಹೇಳಿದ್ದು ಖರೆ. ನಮ್ಮ ಕಡೆ ಕಲ್ಲು ಕೊಯ್ಯುವ ಯೂನಿಟ್‌ಗಳು, ವಾಡಿ ಕಡೆ ಸಿಮೆಂಟ್ ಲಾರಿ. ಬಿಳಿ ಧೂಳು ಬಾನೆಟ್ ಒಳಗೂ ಕೂತಿರುತ್ತದೆ. ಪುಸ್ತಕದಲ್ಲಿ ಇಷ್ಟು ಸಾವಿರ ಕಿಲೋಮೀಟರ್‌ಗೆ ಒಮ್ಮೆ ಅಂತ ಬರೆದಿರುತ್ತಾರೆ. ಇಲ್ಲಿಗೆ ಆ ಲೆಕ್ಕ ನಡೆಯಲ್ಲ. ನಾನು ಅದರ ಅರ್ಧಕ್ಕೇ ಬದಲಾಯಿಸುತ್ತೇನೆ.

ಸುರಪುರದ ಹುಡುಗ · ಸುರಪುರ · 10:50

ಇಷ್ಟೆಲ್ಲ ಯಾಕೆ? ಸೆಂಟರ್ ಗೇಟಿನ ಹೊರಗೆ ಪೇಚಕಸ ತಗೊಂಡು ಮಿಕ್ಸ್ಚರ್ ಸ್ಕ್ರೂ ಬಿಗಿ ಮಾಡಿ. ಪೆಟ್ರೋಲ್ ಕಡಿಮೆ ಆಗುತ್ತೆ, ಸಿಒ ಇಳಿಯುತ್ತೆ. ಸರ್ಟಿಫಿಕೇಟ್ ಬಂದ ಮೇಲೆ ಮತ್ತೆ ಸಡಿಲು. ನಮ್ಮ ಮಾಮಾ ಪ್ರತಿ ಸಲ ಹಾಗೇ ಮಾಡೋದು.

ಹಳೆ ಗ್ಯಾರೇಜ್ · 10:58

ಚೋಕ್ ಅರ್ಧ ಮುಚ್ಚಿಕೊಂಡಿದ್ದರೆ, ಫಿಲ್ಟರ್ ಕಟ್ಟಿಕೊಂಡಿದ್ದರೆ ಆ ಸ್ಕ್ರೂ ತಿರುಗಿಸಿ ಏನೂ ಆಗುವುದಿಲ್ಲ ಮಗಾ. ಭಾಳ ಬಿಗಿ ಮಾಡಿದರೆ ಮಿಸ್ ಹೊಡೆಯುತ್ತದೆ. ಮಿಸ್ ಹೊಡೆದರೆ ಸುಡದ ಪೆಟ್ರೋಲ್ ಹೊರಗೆ ಬರುತ್ತದೆ. ಸಿಒ ಇಳಿದು ಎಚ್‌ಸಿ ಏರುತ್ತದೆ. ಒಂದು ಕಡೆ ಪಾಸ್, ಇನ್ನೊಂದು ಕಡೆ ಫೇಲ್. ಸ್ಕ್ರೂ ಕೊನೆಯ ಕೆಲಸ. ಉಳಿದದ್ದೆಲ್ಲ ಸರಿ ಮಾಡಿದ ಮೇಲೆ, ಮೀಟರ್ ನೋಡುತ್ತ ಕಾಲು ಸುತ್ತು, ಅರ್ಧ ಸುತ್ತು. ಆಮೇಲೆ ಅದನ್ನು ಹಾಗೇ ಬಿಡಬೇಕು. ಪಾಸಾದ ಸೆಟ್ಟಿಂಗ್ ಯಾಕೆ ಕೆಡಿಸಬೇಕು?

ಸುರಪುರದ ಹುಡುಗ · 11:02

ಪಿಕಪ್ ಸಿಗಲ್ಲ ಅಂತ.

ಹಳೆ ಗ್ಯಾರೇಜ್ · 11:04

ಪಿಕಪ್ ಸಿಗದಿದ್ದರೆ ಬೇರೆ ಏನೋ ಕೆಟ್ಟಿದೆ. ಮಾಮಾರಿಗೆ ಟ್ಯಾಪೆಟ್ ನೋಡಿಸಲು ಹೇಳು.

ಜಗತ್ ಸರ್ಕಲ್ · ಕಲಬುರಗಿ · ಮಂಗಳವಾರ ಬೆಳಿಗ್ಗೆ 7:15

ಒಂದು ಮಾತು ನೇರವಾಗಿ ಹೇಳುತ್ತೇನೆ. ಟೀಚರ್, ಆ ಫೋಟೋ ಆಸಾಮಿಗೆ ದುಡ್ಡು ಕೊಟ್ಟು ಮುಗಿಸಿ. ಇಡೀ ಊರು ಮಾಡುತ್ತದೆ. ಲಾರಿಗಳು ಕಪ್ಪು ಹೊಗೆ ಬಿಟ್ಟುಕೊಂಡು ಓಡಾಡುತ್ತವೆ, ಅವುಗಳ ಹತ್ತಿರವೂ ಸರ್ಟಿಫಿಕೇಟ್ ಇರುತ್ತದೆ. ನಿಮ್ಮ ಒಂದು ಸಣ್ಣ ಮಾರುತಿಯಿಂದ ಏನಾಗಬೇಕು?

ಬಿಳಿಜೋಳ · ಕಲಬುರಗಿ · 7:40

ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ನನ್ನ ಮಗನಿಗೆ ಏಳು ವರ್ಷ, ಅಸ್ತಮಾ ಇದೆ. ಸ್ಕೂಟಿ ಮೇಲೆ ಶಾಲೆಗೆ ಬಿಡಲು ಹೋಗುತ್ತೇನೆ. ಸೂಪರ್ ಮಾರ್ಕೆಟ್ ಹತ್ತಿರ ಗಾಡಿಗಳು ಸಾಲಾಗಿ ನಿಂತಾಗ ಅವನು ನನ್ನ ಬೆನ್ನಿಗೆ ಮುಖ ಒತ್ತಿಕೊಳ್ಳುತ್ತಾನೆ, ವೇಲ್ ಎಳೆದು ಮೂಗಿಗೆ ಇಟ್ಟುಕೊಳ್ಳುತ್ತಾನೆ. ಯಾರೂ ಹೇಳಿಕೊಟ್ಟಿಲ್ಲ, ತಾನೇ ಕಲಿತಿದ್ದಾನೆ. ಇನ್‌ಹೇಲರ್ ಬ್ಯಾಗಿನ ಮುಂದಿನ ಜೇಬಿನಲ್ಲೇ ಇರುತ್ತದೆ. ಸಣ್ಣ ಗಾಡಿ, ದೊಡ್ಡ ಗಾಡಿ ಅಂತ ಅವನ ಎದೆಗೆ ಗೊತ್ತಾಗಲ್ಲ. ಟೀಚರ್ ಸರಿಯಾದ ದಾರಿ ಕೇಳುತ್ತಿದ್ದಾರೆ. ಅವರನ್ನು ತಪ್ಪು ದಾರಿಗೆ ಎಳೆಯಬೇಡಿ.

ಜಗತ್ ಸರ್ಕಲ್ · 7:58

ಮಗುವಿನ ವಿಷಯ ಕೇಳಿ ಬೇಜಾರಾಯ್ತು ಅಕ್ಕಾರೆ. ನಾನು ಹೇಳಿದ್ದು ವ್ಯವಸ್ಥೆ ಹಾಗಿದೆ ಅಂತ. ಲಾರಿಗಳನ್ನು ಬಿಟ್ಟು ಕಾರಿನವರನ್ನು ಹಿಡಿಯುತ್ತಾರಲ್ಲ ಅನ್ನೋ ಸಿಟ್ಟು.

ಬಿಳಿಜೋಳ · 8:03

ಆ ಸಿಟ್ಟು ನನಗೂ ಇದೆ. ಲಾರಿ ಬಗ್ಗೆ ದೂರು ಕೊಡೋಣ, ನಾನೂ ಸಹಿ ಹಾಕುತ್ತೇನೆ.

ಕೋರ್ಟ್ ರೋಡ್ · ಕಲಬುರಗಿ · 8:30

ಕಾನೂನಿನ ಮಾತು. ಕೇಂದ್ರ ಮೋಟಾರು ವಾಹನ ನಿಯಮ 1989ರ 115ನೇ ನಿಯಮದಲ್ಲಿ ಈ ಮಿತಿಗಳಿವೆ. ಹೊಗೆ ಮಿತಿ ಮೀರಿದ ಗಾಡಿ ಓಡಿಸಿದರೆ 2019ರ ತಿದ್ದುಪಡಿ ಪ್ರಕಾರ ದಂಡ 10,000 ರೂಪಾಯಿವರೆಗೆ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ, ಲೈಸೆನ್ಸ್ ಮೂರು ತಿಂಗಳು ಅಮಾನತಾಗಬಹುದು.

ಇನ್ನೊಂದು ವಿಷಯ ಟೀಚರ್‌ಗೆ. ಗಾಡಿ ಫೇಲ್ ಆದರೆ ಕಾರಣ ಬರೆದ ತಿರಸ್ಕಾರ ಚೀಟಿ ಕೊಡಬೇಕು ಅಂತ 2021ರಿಂದ ನಿಯಮ ಇದೆ. ಬಾಯಲ್ಲಿ ‘ಪಾಸಾಗಲ್ಲ’ ಅಂತ ಕಳಿಸುವುದಲ್ಲ. ಮುಂದಿನ ಸಲ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ಅಂಕಿ ಇರುತ್ತದೆ, ಮಿತಿಯೂ ಇರುತ್ತದೆ. ಮಿಸ್ತ್ರಿಗೆ ತೋರಿಸಲು ಅದೇ ಆಧಾರ.

ಗುರುಮಿಠಕಲ್ ದಾರಿ · ಯಾದಗಿರಿ · 8:52

ಎಮಿಷನ್ ಇಲ್ಲದಿದ್ದರೆ ಇನ್ಶೂರೆನ್ಸ್ ಕೂಡ ಆಗಲ್ಲ ಅಲ್ವಾ ಸರ್?

ಕೋರ್ಟ್ ರೋಡ್ · 9:05

2017ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತ್ತು. 2024ರ ಜುಲೈನಲ್ಲಿ ಆ ಷರತ್ತು ತೆಗೆಯಿತು. ಎಮಿಷನ್ ಬಾಕಿ ಇದ್ದರೂ ಥರ್ಡ್ ಪಾರ್ಟಿ ವಿಮೆ ಮಾಡಿಸಬಹುದು. ಹಾಗಂತ ಎಮಿಷನ್ ಬಿಡುವಂತಿಲ್ಲ.

ಬಿದರಿ · ಬೀದರ್ · 1:20

ನನ್ನದೂ ಒಂದು ಕಥೆ ಇದೆ, ಇಲ್ಲೇ ಹೇಳುತ್ತೇನೆ. 2007ರ ಇಂಡಿಕಾ ಡೀಸೆಲ್. ಹೊಗೆ ಟೆಸ್ಟ್‌ನಲ್ಲಿ 3.1 ಬಂತು, ಮಿತಿ 2.45 ಅಂದರು. ಪ್ರತಿ ತಿಂಗಳು ಹೈದರಾಬಾದ್‌ಗೆ ಹೋಗಬೇಕು, ತಾಯಿಯವರ ಚಿಕಿತ್ಸೆ ಅಲ್ಲೇ. ತೆಲಂಗಾಣದಲ್ಲಿ ಹಿಡಿದರೆ ನಮ್ಮ ಸರ್ಟಿಫಿಕೇಟ್ ನಡೆಯುತ್ತದೆಯೇ ಅಂತಲೂ ಸಂಶಯ.

ಕೋರ್ಟ್ ರೋಡ್ · 1:35

ಸರ್ಟಿಫಿಕೇಟ್ ದೇಶದಲ್ಲೆಲ್ಲ ನಡೆಯುತ್ತದೆ. ಈಗ ಎಲ್ಲ ಕಡೆ ಒಂದೇ ನಮೂನೆ, ಕ್ಯುಆರ್ ಕೋಡ್ ಇರುತ್ತದೆ. ಸೋಲಾಪುರಕ್ಕೆ ಹೋಗಲಿ, ಜಹೀರಾಬಾದ್‌ಗೆ ಹೋಗಲಿ, ತೊಂದರೆ ಇಲ್ಲ.

ಹಳೆ ಗ್ಯಾರೇಜ್ · 2:10

ಬೀದರ್ ಅಣ್ಣಾರೆ, ಡೀಸೆಲ್ ಲೆಕ್ಕವೇ ಬೇರೆ. ಅಲ್ಲಿ ನಿಂತಲ್ಲೇ ಆಕ್ಸಿಲೇಟರ್ ಪೂರ್ತಿ ತುಳಿದು, ಎಂಜಿನ್ ಗರಿಷ್ಠ ವೇಗಕ್ಕೆ ಹೋಗುವಾಗ ಬರುವ ಹೊಗೆ ಎಷ್ಟು ದಪ್ಪ ಇದೆ ಅಂತ ಅಳೆಯುತ್ತಾರೆ. ಒಂದಲ್ಲ, ನಾಲ್ಕಾರು ಸಲ ತುಳಿಯುತ್ತಾರೆ.

ಅದಕ್ಕೇ ಮೊದಲ ಪ್ರಶ್ನೆ: ಟೈಮಿಂಗ್ ಬೆಲ್ಟ್ ಬದಲಾಯಿಸಿ ಎಷ್ಟು ದಿನ ಆಯ್ತು? ಇಂಡಿಕಾಗೆ ಬೆಲ್ಟ್ ಇದೆ. ಹಳೆ ಬೆಲ್ಟ್ ಇಟ್ಟುಕೊಂಡು ಹಾಗೆ ರೇಸ್ ಕೊಡಿಸಿದರೆ ಅಲ್ಲೇ ಕಿತ್ತುಹೋಗಬಹುದು. ಕಿತ್ತರೆ ವಾಲ್ವ್ ಬಾಗುತ್ತದೆ, ಹೆಡ್ ಇಳಿಸಬೇಕು. ನನ್ನ ಕೈಗೆ ಹಾಗೆ ಬಂದ ಗಾಡಿಗಳು ಒಂದೆರಡಲ್ಲ. ಬೆಲ್ಟ್ ಹಾಕಿಸದೆ ಮತ್ತೆ ಟೆಸ್ಟ್‌ಗೆ ಹೋಗಲೇಬೇಡಿ.

ಆಮೇಲೆ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್. ನಾಜಲ್ ಬಿಚ್ಚಿಸಿ ಟೆಸ್ಟ್ ಮಾಡಿಸಿ. ಹನಿ ಹನಿಯಾಗಿ ಬಿದ್ದರೆ ಕಪ್ಪು ಹೊಗೆ ಗ್ಯಾರಂಟಿ, ಮಂಜಿನ ಹಾಗೆ ಚಿಮ್ಮಬೇಕು. ಊರಲ್ಲೇ ಎರಡನೇ ಗೇರಿನಲ್ಲಿ ಓಡಿದ ಗಾಡಿಯ ಸೈಲೆನ್ಸರ್‌ನಲ್ಲಿ ಮಸಿ ಕೂತಿರುತ್ತದೆ. ಟೆಸ್ಟ್ ದಿನ ಹುಮನಾಬಾದ್‌ವರೆಗೆ ಹೈವೇಯಲ್ಲಿ ಓಡಿಸಿಕೊಂಡು ಬನ್ನಿ. ಆ ಮಸಿ ದಾರಿಯಲ್ಲೇ ಹೋಗುತ್ತದೆ.

ಬಿದರಿ · 2:24

ಬೆಲ್ಟ್ ಬದಲಾಯಿಸಿದ್ದೇ ಇಲ್ಲ ಕಾಕಾ, ನಾನು ಗಾಡಿ ತಗೊಂಡ ಮೇಲೆ. ಆರು ವರ್ಷ ಆಯ್ತು.

ಹಳೆ ಗ್ಯಾರೇಜ್ · 2:26

ಹಾಗಾದರೆ ತಾಯಿಯವರನ್ನು ಕೂಡಿಸಿಕೊಂಡು ಹೈದರಾಬಾದ್‌ಗೆ ಹೋಗುವ ಮೊದಲು ಹಾಕಿಸಿ. ಟೆಸ್ಟ್ ಆಮೇಲೆ.

ಗುರುಮಿಠಕಲ್ ದಾರಿ · 3:00

ಸೈಲೆನ್ಸರ್‌ಗೆ ಸಣ್ಣ ತೂತು ಮಾಡಿದರೆ ಗಾಳಿ ಸೇರಿ ಸಿಒ ಕಡಿಮೆ ತೋರಿಸುತ್ತಂತೆ, ಖರೆನಾ?

ಹಳೆ ಗ್ಯಾರೇಜ್ · 3:12

ಆ ಆಟ ಬೇಡ. ನಾಲ್ಕು ಗ್ಯಾಸ್ ಮಶೀನ್ ಕಾರ್ಬನ್ ಡೈಆಕ್ಸೈಡ್, ಆಮ್ಲಜನಕ ಎರಡನ್ನೂ ತೋರಿಸುತ್ತದೆ. ಹೊರಗಿನ ಗಾಳಿ ಸೇರಿದರೆ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ತೂತಿನಿಂದ ಬಂದ ಹೊಗೆ ಗಾಡಿ ಒಳಗೇ ನುಗ್ಗಬಹುದು. ಸಿಒಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಬಂದ ಹಾಗೆ ಆಗಿ ಪ್ರಾಣ ಹೋಗುತ್ತದೆ. ತಂಗೀ, ನೀನೂ ಕೇಳಿಸಿಕೋ. ಶಟರ್ ಹಾಕಿದ ಗ್ಯಾರೇಜಿನಲ್ಲಿ ಎಂಜಿನ್ ಬಿಸಿ ಮಾಡುತ್ತ ಕೂರಬೇಡ, ಗಾಡಿ ಹೊರಗೆ ತಂದು ಸ್ಟಾರ್ಟ್ ಮಾಡು.

ತೊಗರಿ ಹೊಲ · ಬುಧವಾರ ರಾತ್ರಿ 8:45

ಕಾಕಾ, ನೀವು ಹೇಳಿದಂತೆಯೇ ಇತ್ತು!

ಗಂಜ್ ಕಡೆ ಒಬ್ಬ ಹಿರಿಯ ಮಿಸ್ತ್ರಿ ಸಿಕ್ಕರು. ಮೊದಲು ಫಿಲ್ಟರ್ ತೆಗೆದರು. ಟ್ಯೂಬ್‌ಲೈಟ್‌ಗೆ ಹಿಡಿದು ತೋರಿಸಿದರು, ಈ ಕಡೆಗೆ ಬೆಳಕೇ ಬರಲಿಲ್ಲ. ನೆಲಕ್ಕೆ ಒಂದು ಸಲ ತಟ್ಟಿದರು, ಹಿಟ್ಟಿನ ಜರಡಿ ಹಿಡಿದ ಹಾಗೆ ಧೂಳು ಬಿತ್ತು. ಮಡಿಕೆಗಳ ಮಧ್ಯೆ ಒಂದು ಒಣಗಿದ ಬೇವಿನ ಎಲೆ ಇತ್ತು.

ಆಮೇಲೆ ಟಾರ್ಚ್ ಹಾಕಿ ಕಾರ್ಬೋರೇಟರ್ ಬಾಯಿ ತೋರಿಸಿದರು. ಚೋಕ್ ಗುಂಡಿ ಪೂರ್ತಿ ಒಳಗಿದ್ದರೂ ಆ ಹಿತ್ತಾಳೆ ಬಣ್ಣದ ತಗಡು ನೆಟ್ಟಗೆ ನಿಂತಿರಲಿಲ್ಲ. ಅರ್ಧ ಮುಚ್ಚಿದ ಕಿಟಕಿಯ ಹಾಗೆ ಓರೆಯಾಗಿತ್ತು. ಮಿಸ್ತ್ರಿ ಬೆರಳಿನಿಂದ ತಳ್ಳಿದರು, ‘ಟಕ್’ ಅಂತ ನೆಟ್ಟಗಾಯ್ತು. ಬಿಟ್ಟರೆ ಮತ್ತೆ ಓರೆ. ವೈರ್ ಒಳಗೆ ಪೂರ್ತಿ ಜಂಗು. ಅಪ್ಪಾಜಿ ಅಷ್ಟು ವರ್ಷ ‘ಗಾಡಿ ಪೆಟ್ರೋಲ್ ಭಾಳ ಕುಡಿಯುತ್ತದೆ’ ಅಂತ ಹೇಳುತ್ತಿದ್ದದ್ದು ಇದಕ್ಕೇ.

ಮೂರು ಪ್ಲಗ್ ಬಿಚ್ಚಿದರು. ಮೂರೂ ಕಪ್ಪು, ಒಣ ಮಸಿ. ಬೆರಳಿಗೆ ಕಾಡಿಗೆ ಹಚ್ಚಿಕೊಂಡ ಹಾಗೆ ಹತ್ತಿತು. ಹೊಸ ಫಿಲ್ಟರ್, ಹೊಸ ಪ್ಲಗ್, ಹೊಸ ಚೋಕ್ ವೈರ್ ಹಾಕಿಸಿದೆ. ಆಯಿಲ್ ಕೂಡ ಬದಲಾಯಿಸಿದರು, ಹಳೇದು ತೆಳ್ಳಗಾಗಿ ಪೆಟ್ರೋಲ್ ವಾಸನೆ ಬರುತ್ತಿತ್ತು. ಚೋಕ್ ವೈರ್ ಹುಡುಕಲು ನಾಲ್ಕು ಅಂಗಡಿ ಸುತ್ತಬೇಕಾಯಿತು.

ಸೇಡಂ ಸವಾರ · 8:53

ವಾಹ್! ಬೇವಿನ ಎಲೆ ಒಳಗೆ ಹೇಗೆ ಹೋಯ್ತು?

ತೊಗರಿ ಹೊಲ · 8:55

ಮನೆ ಮುಂದೆ ಬೇವಿನ ಮರ ಇದೆ. ಗಾಡಿ ನಿಲ್ಲುವುದು ಅದರ ಕೆಳಗೇ. ಮೇ ತಿಂಗಳ ಬಿಸಿಲಿಗೆ ಬೇರೆ ಎಲ್ಲಿ ನಿಲ್ಲಿಸೋಣ ಹೇಳಿ.

ಹಳೆ ಗ್ಯಾರೇಜ್ · 9:02

ಭಾಳ ಸಂತೋಷ ಆಯ್ತು ತಂಗೀ. ಆಯಿಲ್‌ನಲ್ಲಿ ಪೆಟ್ರೋಲ್ ಸೇರಿದ್ದು ಚೋಕ್‌ನಿಂದಲೇ. ಈಗ ಎರಡು ದಿನ ಓಡಿಸು, ಆಮೇಲೆ ಟೆಸ್ಟ್‌ಗೆ ಹೋಗು. ಹೊಸ ಪ್ಲಗ್ ತಿಳಿ ಕಂದು ಬಣ್ಣಕ್ಕೆ ಬಂದಿರಬೇಕು. ಬಿಳಿ ಆಗಿದ್ದರೆ ಪೆಟ್ರೋಲ್ ಕಡಿಮೆ ಆಯ್ತು ಅಂತ ಅರ್ಥ.

ಜೇವರ್ಗಿ ದಾರಿ · ಜೇವರ್ಗಿ · 9:15

ಬಿಸಿಲು ಅಂದಾಗ ನೆನಪಾಯ್ತು. ನಮ್ಮ ಹತ್ತಿರವೂ ಕಾರ್ಬೋರೇಟರ್ 800 ಇತ್ತು. ಒಂದು ಮೇ ತಿಂಗಳು, ಕಟ್ಟಿ ಸಂಗಾವಿ ಭೀಮಾ ಸೇತುವೆ ದಾಟಿದ್ದೇ ತಡ ಗಾಡಿ ಬಂದ್. ಸ್ಟಾರ್ಟ್ ಆಗಲೇ ಇಲ್ಲ. ಟ್ರ್ಯಾಕ್ಟರ್‌ನಲ್ಲಿ ಬರುತ್ತಿದ್ದ ಒಬ್ಬ ಮುತ್ಯಾ ಇಳಿದು ಬಂದು, ಹೆಗಲ ಮೇಲಿನ ಟವೆಲ್ ನಮ್ಮ ಬಾಟಲಿ ನೀರಿನಲ್ಲಿ ತೋಯಿಸಿ ಪೆಟ್ರೋಲ್ ಪಂಪಿನ ಮೇಲೆ ಹಾಕಿದರು. ಹತ್ತು ನಿಮಿಷ ಕೂತೆವು. ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಟವೆಲ್ ಕೂಡ ವಾಪಸ್ ತಗೊಳ್ಳಲಿಲ್ಲ ಅವರು, ‘ಮುಂದೆ ಬೇಕಾಗ್ತದ’ ಅಂದರು.

ಶಹಾಬಾದ್ ಫರಸಿ · 9:21

ಪೈಪಿನಲ್ಲಿ ಪೆಟ್ರೋಲ್ ಕುದ್ದು ಆವಿ ಆಗುತ್ತದೆ, ಪಂಪ್ ಆವಿ ಎಳೆಯಲು ಆಗಲ್ಲ. ಹಳೆ ಗಾಡಿಗಳಿಗೆಲ್ಲ ಅದೇ ಗೋಳು. ಈಗಿನ ಗಾಡಿಗಳಲ್ಲಿ ಪಂಪ್ ಟ್ಯಾಂಕ್ ಒಳಗಿರುತ್ತದೆ, ಅದಕ್ಕೆ ಆ ತೊಂದರೆ ಕಡಿಮೆ.

ಸುರಪುರದ ಹುಡುಗ · 9:30

ಈಗ ಎಥೆನಾಲ್ ಪೆಟ್ರೋಲ್ ಬೇರೆ ಬಂದಿದೆ. ಹಳೆ ಗಾಡಿ ಎಂಜಿನ್ ಹಾಳಾಗುತ್ತೆ ಅಂತ ಎಲ್ಲ ಕಡೆ ವಿಡಿಯೋ. ಟೀಚರ್ ಅದನ್ನೂ ನೋಡಿಕೊಳ್ಳಿ.

ಹಳೆ ಗ್ಯಾರೇಜ್ · 9:44

ಹೆದರಿಸುವುದು ಬೇಡ, ಅಲಕ್ಷ್ಯವೂ ಬೇಡ. 20 ಪರ್ಸೆಂಟ್ ಎಥೆನಾಲ್ ಇದ್ದಾಗ ಅದರಲ್ಲೇ ಸ್ವಲ್ಪ ಆಮ್ಲಜನಕ ಇರುತ್ತದೆ. ಕಾರ್ಬೋರೇಟರ್‌ಗೆ ಅದನ್ನು ಲೆಕ್ಕ ಹಾಕಿ ಪೆಟ್ರೋಲ್ ಹೆಚ್ಚಿಸಲು ಬುದ್ಧಿ ಇಲ್ಲ. ಹಾಗಾಗಿ ಸಿಒ ಸ್ವಲ್ಪ ಇಳಿಯುತ್ತದೆ, ಟೆಸ್ಟ್‌ಗೆ ಅದು ಒಳ್ಳೆಯದೇ. ಮೈಲೇಜೂ ಸ್ವಲ್ಪ ಇಳಿಯುತ್ತದೆ.

ತೊಂದರೆ ಇರುವುದು ರಬ್ಬರಿಗೆ. 30 ವರ್ಷದ ಹಿಂದಿನ ಪೈಪ್, ಪಂಪಿನ ಡಯಾಫ್ರಂ, ಕಾರ್ಬೋರೇಟರ್ ಗ್ಯಾಸ್ಕೆಟ್ ಈ ಪೆಟ್ರೋಲ್‌ಗೆ ಮಾಡಿದ್ದಲ್ಲ. ಉಬ್ಬುತ್ತವೆ, ಸೀಳುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಅದಕ್ಕೆ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಅದೇ ಪೆಟ್ರೋಲ್ ಬಿಡಬಾರದು. ತಂಗೀ, ಪೆಟ್ರೋಲ್ ಪೈಪ್ ಎಲ್ಲ ಒಂದು ಸಲ ಹೊಸದು ಹಾಕಿಸು.

ಹೊಸ ಗಾಡಿ · 10:10

ಪೆಟ್ರೋಲ್ ಗೋಳೇ ಬೇಡ ಅಂತ ಮನೆ ಸಿಲಿಂಡರ್ ಹಾಕಿಸಿಕೊಂಡು ಓಡಿಸುವವರೂ ಇದ್ದಾರೆ. ಹೊಗೆ ಕಡಿಮೆ.

ಬಿಳಿಜೋಳ · 10:14

ದಯವಿಟ್ಟು ಇಂಥದ್ದನ್ನು ಸಲಹೆ ಅಂತ ಬರೆಯಬೇಡಿ. ಜನ ಸುಟ್ಟುಕೊಂಡು ಸತ್ತಿದ್ದಾರೆ.

ಕೋರ್ಟ್ ರೋಡ್ · 10:20

ಅದು ಅಪರಾಧ ಕೂಡ. ಗ್ಯಾಸ್ ಹಾಕಿಸಬೇಕೆಂದರೆ ಒಪ್ಪಿಗೆ ಪಡೆದ ಕಿಟ್ ಹಾಕಿಸಿ ಆರ್‌ಸಿಯಲ್ಲಿ ನಮೂದಿಸಬೇಕು.

ತೊಗರಿ ಹೊಲ · ಶನಿವಾರ ಸಂಜೆ 6:30

ಇವತ್ತು ಎಮಿಷನ್ ಮಾಡಿಸಿದೆ. ನಡೆದದ್ದನ್ನು ಪೂರ್ತಿ ಹೇಳುತ್ತೇನೆ, ಹಳೆ ಗಾಡಿ ಇಟ್ಟುಕೊಂಡ ಬೇರೆಯವರಿಗೂ ಬೇಕಾಗಬಹುದು.

ಅಪ್ಪಾಜಿಯನ್ನು ಕೂಡಿಸಿಕೊಂಡು ಬೆಳಿಗ್ಗೆ ಹುಮನಾಬಾದ್ ರಿಂಗ್ ರಸ್ತೆ ಕಡೆ ಒಂದು ಸುತ್ತು ಹಾಕಿ ಎಂಜಿನ್ ಚೆನ್ನಾಗಿ ಬಿಸಿ ಮಾಡಿದೆ. ಈ ಸಲ ಬೇರೆ ಸೆಂಟರ್. ಸರಳು ಪೈಪಿನೊಳಗೆ ಮೊಳದಷ್ಟು ಇಟ್ಟರು. ಪರದೆ ಮೇಲೆ ಸಿಒ ಮೊದಲು 2.6, ಆಮೇಲೆ ನಿಧಾನ ಇಳಿದು 2.1ರಲ್ಲಿ ನಿಂತಿತು. ಎಚ್‌ಸಿ 620. ನನಗೆ ಖುಷಿಯೋ ಖುಷಿ. ಅಷ್ಟರಲ್ಲಿ ಆ ಹುಡುಗ ‘ಫೇಲ್ ಮೇಡಂ’ ಅಂದ.

ಒಂದು ಕ್ಷಣ ಏನೂ ತೋಚಲಿಲ್ಲ. ಕೋರ್ಟ್ ರೋಡ್ ಸರ್ ಹೇಳಿದ್ದು ನೆನಪಾಗಿ ‘ಚೀಟಿ ಕೊಡಪ್ಪಾ, ಮಿತಿ ಎಷ್ಟು ಅಂತ ನೋಡುತ್ತೇನೆ’ ಅಂದೆ. ಪರದೆ ನನ್ನ ಕಡೆ ತಿರುಗಿಸಿದ. ಮಿತಿ 0.5 ಅಂತ ಇತ್ತು! ಪಕ್ಕದಲ್ಲಿ ನೋಡಿದರೆ ಬಿಎಸ್-2 ಅಂತ ಆರಿಸಿದ್ದ. ಆರ್‌ಸಿ ತೆಗೆದು ತಯಾರಾದ ವರ್ಷ 1996 ತೋರಿಸಿದೆ. ನಮ್ಮ ಗಾಡಿಯ ದಾಖಲೆಯಲ್ಲಿ ಆ ಜಾಗ ಖಾಲಿ ಇತ್ತಂತೆ, ಪಟ್ಟಿಯಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿದ್ದ. ಒಳ್ಳೆ ಹುಡುಗ, ತಪ್ಪು ಒಪ್ಪಿಕೊಂಡು ಸರಿಯಾದದ್ದನ್ನು ಹಾಕಿ ಮತ್ತೆ ಟೆಸ್ಟ್ ಮಾಡಿದ. ಸಿಒ 2.1, ಎಚ್‌ಸಿ 610, ಪಾಸ್. ಆರು ತಿಂಗಳ ಸರ್ಟಿಫಿಕೇಟ್ ಕೈಗೆ ಬಂತು.

ಅಪ್ಪಾಜಿ ಅದನ್ನು ಎರಡು ಸಲ ಓದಿದರು. ಮಡಚಿ ಆರ್‌ಸಿ ಜೊತೆ ಇಟ್ಟು, ‘ಇನ್ನು ನಾನೇ ಓಡಿಸ್ತೀನಿ ಸರಿ’ ಅಂದರು. ಮನೆವರೆಗೆ ಅವರೇ ಓಡಿಸಿದರು.

ಸೇಡಂ ಸವಾರ · 6:38

ಅಬ್ಬಾ! ಎಷ್ಟು ಹಳೆ ಗಾಡಿಗಳು ಈ ತಪ್ಪಿಗೇ ಗುಜರಿಗೆ ಹೋಗಿರಬಹುದು. ಬಿಎಸ್-2 ದೇಶಕ್ಕೆಲ್ಲ ಬಂದದ್ದೇ 2005ರಲ್ಲಿ. 1996ರ ಗಾಡಿಗೆ 0.5 ಕೇಳಿದರೆ ಎಲ್ಲಿಂದ ತರುವುದು? ಆಗ ನಮ್ಮ ಊರಿನ ಗಾಡಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೇ ಇರಲಿಲ್ಲ.

ಗುರುಮಿಠಕಲ್ ದಾರಿ · 6:50

ಆರೇ ತಿಂಗಳಾ? ನಮ್ಮ ಗಾಡಿಗೆ ಒಂದು ವರ್ಷ ಕೊಟ್ಟಿದ್ದಾರೆ.

ಸೇಡಂ ಸವಾರ · 6:54

ಬಿಎಸ್-4, ಬಿಎಸ್-6 ಗಾಡಿಗಳಿಗೆ ಒಂದು ವರ್ಷ. ಅದಕ್ಕಿಂತ ಹಳೇದಕ್ಕೆ ಆರು ತಿಂಗಳು.

ಬಿಳಿಜೋಳ · 7:05

ಟೀಚರ್, ಅಭಿನಂದನೆ. ಅಪ್ಪಾಜಿಯವರಿಗೆ ನಮಸ್ಕಾರ ಹೇಳಿ.

ಜಗತ್ ಸರ್ಕಲ್ · 7:20

ನನ್ನ ಸ್ಕೂಟರ್‌ದೂ ಎಮಿಷನ್ ಮುಗಿದು ಎರಡು ತಿಂಗಳಾಗಿದೆ. ನಾಳೆ ಗಾಡಿ ತಗೊಂಡೇ ಹೋಗುತ್ತೇನೆ. ಆ ಎರಡನೇ ಸೆಂಟರ್ ಯಾವ ಕಡೆ ಬರುತ್ತದೆ, ಸಂದೇಶ ಕಳಿಸಿ.

ಬಿದರಿ · 8:10

ಇಂಡಿಕಾ ಬೆಲ್ಟ್ ಇವತ್ತು ಹಾಕಿಸಿದೆ. ಹಳೇದನ್ನು ಮಿಸ್ತ್ರಿ ಬಗ್ಗಿಸಿ ತೋರಿಸಿದರು, ಹಲ್ಲುಗಳ ಬುಡದಲ್ಲೆಲ್ಲ ಸಣ್ಣ ಸಣ್ಣ ಬಿರುಕು. ನೋಡಿ ಎದೆ ಝಲ್ ಅಂತು. ಕಾಕಾ, ನಿಮ್ಮನ್ನು ಮರೆಯಲ್ಲ. ನಾಜಲ್ ಸೋಮವಾರ ಕೊಡುತ್ತಾರೆ.

ಹಳೆ ಗ್ಯಾರೇಜ್ · 8:32

ದೇವರು ಒಳ್ಳೇದು ಮಾಡಲಿ ಅಣ್ಣಾರೆ. ತಂಗೀ, ಪೆಟ್ರೋಲ್ ಪೈಪ್ ಹಾಕಿಸಿದೆಯಾ?

ತೊಗರಿ ಹೊಲ · 8:40

ಇನ್ನೂ ಇಲ್ಲ ಕಾಕಾ. ಪೈಪ್ ತಂದಿಟ್ಟಿದ್ದೇನೆ, ಮಿಸ್ತ್ರಿ ನಾಳೆ ಹತ್ತು ಗಂಟೆಗೆ ಮನೆಗೇ ಬರುತ್ತಾರೆ.

ಹಳೆ ಗ್ಯಾರೇಜ್ · 8:43

ಕ್ಲಿಪ್ ಕೂಡ ಹೊಸದೇ ಹಾಕಿಸು. ಹಳೇ ಕ್ಲಿಪ್ ಹಿಡಿತ ಬಿಟ್ಟಿರುತ್ತದೆ.